‘ಸಂಸ್ಕಾರ’ಕ್ಕೆ ಬಿದ್ದ ತಡೆ, ನಾವೇ ಹಾಕಿದ ಬೀಗ

‘ಸಂಸ್ಕಾರ’ ಚಿತ್ರದಲ್ಲಿ ಚಂದ್ರಿ ತನ್ನ ಮೈಮೇಲಿನ ಒಡವೆಗಳನ್ನೆಲ್ಲ ಬಿಚ್ಚಿ ಅಗ್ರಹಾರದ ಪಂಡಿತ ಪ್ರಾಣೇಶಾಚಾರ್ಯರ ಎದುರು ಇಡುವ ಒಂದು ಗಳಿಗೆ ಇದೆ. ನಾರಣಪ್ಪ ಸತ್ತಿದ್ದಾನೆ. ಹೆಣ ಮನೆಯಲ್ಲೇ ಇದೆ. ಅದು ಅಲ್ಲಿಂದ ಏಳುವ ತನಕ ಅಗ್ರಹಾರದಲ್ಲಿ ಯಾರ ಮನೆಯಲ್ಲೂ ಒಲೆ ಹಚ್ಚುವಂತಿಲ್ಲ, ಅನ್ನ ಉಣ್ಣುವಂತಿಲ್ಲ. ಬ್ರಾಹ್ಮಣ್ಯ ಬಿಟ್ಟು ಬದುಕಿದವನ ಹೆಣಕ್ಕೆ ಬೆಂಕಿ ಕೊಡುವವರು ಯಾರು ಎಂದು ಕೇಳಿದರೆ ಅಲ್ಲಿಯವರೆಗೆ ಪ್ರತಿಯೊಬ್ಬರೂ ಹಿಂದೆ ಸರಿದವರೇ. ಚಂದ್ರಿ ಕೂಡಿಕೆಯವಳು, ಅವಳಿಗೆ ಆ ಹಕ್ಕಿಲ್ಲ. ಅವಳ ಬಳಿ ಇದ್ದದ್ದು ಚಿನ್ನ ಮಾತ್ರ, ಅದನ್ನು ಇಟ್ಟಳು. ಚಿನ್ನ ಕಂಡದ್ದೇ ತಡ, ಹಿಂದೆ ಸರಿದಿದ್ದ ಮುಖಗಳು ಒಂದೊಂದಾಗಿ ಮುಂದೆ ಬಾಗುತ್ತವೆ.

ನಾನು ಈ ಚಿತ್ರವನ್ನು ಮೊದಲು ನೋಡಿದ್ದು ಕಾಲೇಜಿನ ದಿನಗಳಲ್ಲಿ, ಒಂದು ಫಿಲ್ಮ್ ಸೊಸೈಟಿಯ ಪ್ರದರ್ಶನದಲ್ಲಿ. ಕಬ್ಬಿಣದ ಮಡಚು ಕುರ್ಚಿ, ಗೋಡೆಗೆ ಬಿಗಿದ ಬಿಳಿ ಬಟ್ಟೆ, ಬೆನ್ನ ಹಿಂದೆ ಪ್ರೊಜೆಕ್ಟರಿನ ಟರ್ರೆನ್ನುವ ಸದ್ದು. ನನ್ನ ಪಕ್ಕದಲ್ಲಿ ಕುಳಿತಿದ್ದವರು ಮಲೆನಾಡಿನ ಕಡೆಯ, ನಿವೃತ್ತರಾದ ಒಬ್ಬ ಮೇಷ್ಟ್ರು. ತಾವೂ ಅಂಥದ್ದೇ ಒಂದು ಕೇರಿಯಲ್ಲಿ ಹುಟ್ಟಿ ಬೆಳೆದವರು. ಒಡವೆಯ ದೃಶ್ಯ ಬಂದಾಗ ಅವರು ಪರದೆ ಬಿಟ್ಟು ನೆಲ ನೋಡತೊಡಗಿದರು. ಚಿತ್ರ ಮುಗಿದ ಮೇಲೆ ಹೊರಗೆ ಕಾಫಿ ಕುಡಿಯುವಾಗ ನಮ್ಮ ಮೇಲೆ ಹರಿಹಾಯ್ದರು. ಅಗ್ರಹಾರದಲ್ಲಿ ದುರಾಸೆ ಒಂದೇ ಇತ್ತೇ, ಹಸಿದು ಬಂದವರಿಗೆ ಎಲೆ ಹಾಕಿದ ಕೈಗಳು ಇರಲಿಲ್ಲವೇ, ಅದನ್ನೇಕೆ ತೋರಿಸಲಿಲ್ಲ ಎಂದು ಕೇಳಿದರು. ನಾವು ಹುಡುಗರು ಪುಸ್ತಕದಲ್ಲಿ ಓದಿದ್ದನ್ನೆಲ್ಲ ತಂದು ಅವರ ಮುಂದೆ ಸುರಿದೆವು. ರಾತ್ರಿ ಹತ್ತಾದರೂ ಜಗಳ ಮುಗಿಯಲಿಲ್ಲ. ಅವರ ನೋವು ನಿಜವಾದದ್ದಾಗಿತ್ತು, ಅವರ ಪ್ರಶ್ನೆಯಲ್ಲೂ ಹುರುಳಿತ್ತು. ಮುಂದಿನ ತಿಂಗಳ ಚಿತ್ರಕ್ಕೆ ಎಲ್ಲರಿಗಿಂತ ಮೊದಲು ಬಂದು ಕುಳಿತವರೂ ಅವರೇ.

‘ಸಮುದಾಯದ ಭಾವನೆಗೆ ಧಕ್ಕೆ’ ಎಂಬ ಮಾತು ಕಿವಿಗೆ ಬಿದ್ದಾಗಲೆಲ್ಲ ನನಗೆ ಆ ಮೇಷ್ಟ್ರು ನೆನಪಾಗುತ್ತಾರೆ. ಅವರಿಗೆ ಧಕ್ಕೆಯಾಗಿತ್ತು. ಆದರೆ ಅವರು ಚಿತ್ರ ನೋಡಿದ್ದರು, ಕೊನೆಯವರೆಗೂ ಕುಳಿತಿದ್ದರು, ಆಮೇಲೆ ಬಾಯಿಬಿಟ್ಟು ಮಾತಾಡಿದರು. ಅವರ ಹೆಸರಿನಲ್ಲಿ, ಅವರಂಥ ಸಾವಿರಾರು ಜನರ ಹೆಸರಿನಲ್ಲಿ, ಚಿತ್ರವನ್ನೇ ತೋರಿಸಬಾರದು ಎಂದು ತೀರ್ಮಾನಿಸುವವರು ಬೇರೆಯೇ ಇರುತ್ತಾರೆ. ಈ ಎರಡನ್ನು ಒಂದೇ ಎಂದು ತಿಳಿದದ್ದರಿಂದಲೇ ನಮ್ಮ ಚರ್ಚೆಗಳು ಐವತ್ತು ವರ್ಷಗಳಿಂದ ಹಳ್ಳ ಹಿಡಿದಿವೆ ಎಂಬುದು ನನ್ನ ಅನಿಸಿಕೆ.

ಮೇಷ್ಟ್ರು ಆ ರಾತ್ರಿ ನೋಡಿದ ಚಿತ್ರ ನಮಗೆ ಸಿಗದೆಯೇ ಹೋಗಬಹುದಿತ್ತು. 1970ರಲ್ಲಿ ತೆರೆಗೆ ಬರುವ ಮುನ್ನ ಅದಕ್ಕೆ ಮದರಾಸಿನ ಸೆನ್ಸಾರ್ ಮಂಡಳಿ ಪ್ರಮಾಣಪತ್ರ ನಿರಾಕರಿಸಿತ್ತು. ಆಗ ಕನ್ನಡ ಚಿತ್ರಗಳು ಸೆನ್ಸಾರ್ ಆಗಲು ಅಲ್ಲಿಗೇ ಹೋಗಬೇಕಿತ್ತು. ಜಾತಿಯ ಒಳಮನೆಯನ್ನು ಇಷ್ಟು ಬಿಚ್ಚಿ ತೋರಿಸಿದರೆ ಜನ ಕೆರಳಿಯಾರು ಎಂಬುದು ಮಂಡಳಿಯ ಅಂಜಿಕೆ. ಕೊನೆಗೆ ದಿಲ್ಲಿಯ ವಾರ್ತಾ ಮತ್ತು ಪ್ರಸಾರ ಸಚಿವಾಲಯ ತಡೆಯನ್ನು ತೆರವು ಮಾಡಿತು. ಚಿತ್ರ ಬಿಡುಗಡೆಯಾಯಿತು, ಜನ ನೋಡಿದರು, ಆ ವರ್ಷದ ಅತ್ಯುತ್ತಮ ಕಥಾಚಿತ್ರವೆಂದು ರಾಷ್ಟ್ರಪತಿಗಳ ಚಿನ್ನದ ಪದಕ ಪಡೆಯಿತು. ಕನ್ನಡಕ್ಕೆ ಆ ಪದಕ ಬಂದದ್ದು ಅದೇ ಮೊದಲು. ದೇಶದ ಒಂದು ಕಚೇರಿ ತೋರಿಸಲು ಯೋಗ್ಯವಲ್ಲ ಎಂದದ್ದನ್ನು ಅದೇ ದೇಶ ಎಲ್ಲಕ್ಕಿಂತ ಮೇಲಿನದು ಎಂದು ಎತ್ತಿ ಹಿಡಿಯಿತು.

ಆ ಚಿತ್ರ ಮಾಡಿದವರು ಯಾರೆಂದು ನೋಡಿದರೆ ‘ಹೊರಗಿನವರು ನಮ್ಮನ್ನು ಅವಮಾನಿಸಿದರು’ ಎಂಬ ವಾದ ಎಷ್ಟು ದೂರ ಹೋಗುತ್ತದೆ ಎಂಬುದೂ ಗೊತ್ತಾಗುತ್ತದೆ. ನಿರ್ದೇಶಕ ಪಟ್ಟಾಭಿರಾಮ ರೆಡ್ಡಿ ತೆಲುಗು ಕವಿ, ನೆಲ್ಲೂರಿನವರು. ಚಂದ್ರಿಯಾದವರು ಅವರ ಪತ್ನಿ ಸ್ನೇಹಲತಾ ರೆಡ್ಡಿ. ಪ್ರಾಣೇಶಾಚಾರ್ಯರಾದ ಗಿರೀಶ ಕಾರ್ನಾಡರ ಮನೆಮಾತು ಕೊಂಕಣಿ. ನಾರಣಪ್ಪನಾಗಿ ನಟಿಸಿದ ಪಿ. ಲಂಕೇಶ್ ಬ್ರಾಹ್ಮಣರಲ್ಲ. ಕ್ಯಾಮೆರಾ ಹಿಡಿದ ಟಾಮ್ ಕೋವನ್ ಆಸ್ಟ್ರೇಲಿಯಾದಿಂದ ಬಂದವರು. ಸಂಗೀತ ಕೊಟ್ಟವರು ಸರೋದ್ ವಾದಕ ರಾಜೀವ ತಾರಾನಾಥ. ಎಲ್ಲರೂ ಹೋಗಿ ಶೃಂಗೇರಿ ಸೀಮೆಯ ವೈಕುಂಠಪುರದಲ್ಲಿ ಚಿತ್ರೀಕರಣ ಮಾಡಿದರು. ಆದರೆ ಈ ಎಲ್ಲ ಹೊರಗಿನವರ ಕೈಗೆ ಕಥೆ ಕೊಟ್ಟವರು ಯಾರು? ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆಯಲ್ಲಿ, ಮಾಧ್ವ ಬ್ರಾಹ್ಮಣರ ಮನೆಯಲ್ಲೇ ಹುಟ್ಟಿದ ಯು.ಆರ್. ಅನಂತಮೂರ್ತಿ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಓದುತ್ತಿದ್ದಾಗ ಇಂಗ್ಮಾರ್ ಬರ್ಗ್‌ಮನ್ನರ ‘ದಿ ಸೆವೆಂತ್ ಸೀಲ್’ ನೋಡಿದ ಅನುಭವ ತಮ್ಮನ್ನು ಈ ಕಾದಂಬರಿ ಬರೆಯಲು ಹಚ್ಚಿತೆಂದು ಅವರು ಹೇಳಿಕೊಂಡಿದ್ದಾರೆ. ಕಾದಂಬರಿ ಅಚ್ಚಾದದ್ದು 1965ರಲ್ಲಿ. ಸ್ವೀಡನ್ನಿನ ಒಂದು ಪ್ಲೇಗಿನ ಚಿತ್ರ ಮಲೆನಾಡಿನ ಒಂದು ಪ್ಲೇಗಿನ ಕಥೆಯನ್ನು ಹುಟ್ಟಿಸಿತು, ಆ ಕಥೆ ಮತ್ತೆ ಚಿತ್ರವಾಯಿತು.

ಅಂದಮೇಲೆ ಸಮುದಾಯದ ಭಾವನೆ ಎಂದರೆ ಯಾರ ಭಾವನೆ? ನೊಂದುಕೊಂಡ ಮೇಷ್ಟ್ರದ್ದು ಸಮುದಾಯದ ಭಾವನೆಯಾದರೆ, ಒಳಗಿದ್ದೇ ಉಸಿರುಗಟ್ಟಿ ಬರೆದ ಅನಂತಮೂರ್ತಿಯವರದ್ದೂ ಸಮುದಾಯದ ಭಾವನೆಯೇ. ಪ್ರತಿ ಮನೆಯಲ್ಲೂ ಹಿರಿಯರ ಮಾತಿಗೆ ತಲೆಯಾಡಿಸದ ಒಬ್ಬ ಮಗನೋ ಮಗಳೋ ಇರುತ್ತಾರೆ. ಚಿತ್ರ ನಿಲ್ಲಿಸಿ ಎಂದು ಮನವಿ ಕೊಡುವವರ ಪಟ್ಟಿಯಲ್ಲಿ ಅವರ ಹೆಸರು ಇರುವುದಿಲ್ಲ. ಸಮುದಾಯದ ಹೆಸರಿನಲ್ಲಿ ಹಾಕಿದ ತಡೆ ಮೊದಲು ಮುಚ್ಚಿಸುವುದು ಆ ಸಮುದಾಯದ ಒಳಗಿನ ಇಂಥವರ ಬಾಯನ್ನೇ. ಇದಕ್ಕಿಂತ ದೊಡ್ಡ ಆಕ್ಷೇಪ ನನಗೆ ಬೇರೆ ಇಲ್ಲ.

ಕಾನೂನು ಏನು ಹೇಳುತ್ತದೆ? ನಮ್ಮ ದೇಶದಲ್ಲಿ ಸಿನಿಮಾಕ್ಕೆ ಕತ್ತರಿ ಬಂದದ್ದು ಬ್ರಿಟಿಷರ 1918ರ ಕಾಯ್ದೆಯಿಂದ. ಅವರಿಗಿದ್ದ ಭಯ ಸಮುದಾಯದ್ದಲ್ಲ, ಸ್ವರಾಜ್ಯದ್ದು. 1921ರ ‘ಭಕ್ತ ವಿದುರ’ ಎಂಬ ಮೂಕಿಚಿತ್ರದಲ್ಲಿ ವಿದುರ ಗಾಂಧಿ ಟೋಪಿ, ಖಾದಿ ತೊಟ್ಟು ಬಂದನೆಂದು ಮದರಾಸಿನಲ್ಲಿ ಅದನ್ನು ನಿಷೇಧಿಸಿದರು. ಸ್ವಾತಂತ್ರ್ಯ ಬಂದ ಮೇಲೆ 1952ರ ಸಿನಿಮಾಟೋಗ್ರಾಫ್ ಕಾಯ್ದೆ ಬಂತು. ಇವತ್ತಿಗೂ ಆಳುತ್ತಿರುವುದು ಅದೇ. ಅದರ 5ಬಿ ಕಲಮು ಯಾವ ಕಾರಣಕ್ಕೆ ಪ್ರಮಾಣಪತ್ರ ನಿರಾಕರಿಸಬಹುದು ಎಂದು ಹೇಳುತ್ತದೆ. ದೇಶದ ಸಾರ್ವಭೌಮತೆ, ಭದ್ರತೆ, ಸಾರ್ವಜನಿಕ ಸುವ್ಯವಸ್ಥೆ, ಸಭ್ಯತೆ, ಮಾನನಷ್ಟ, ಅಪರಾಧಕ್ಕೆ ಪ್ರಚೋದನೆ ಹೀಗೆ ಸಾಗುವ ಈ ಪಟ್ಟಿ ಸಂವಿಧಾನದ 19(2)ನೇ ವಿಧಿಯಿಂದ ಇಳಿದು ಬಂದದ್ದು. ‘ಸಮುದಾಯದ ಭಾವನೆ’ ಎಂಬ ಪದವನ್ನು ಆ ವಿಧಿಯಲ್ಲಿ ಹುಡುಕಿದರೆ ಸಿಗುವುದಿಲ್ಲ. ಸಂವಿಧಾನ ಬರೆದವರು ಅದನ್ನು ಅಲ್ಲಿ ಇಟ್ಟಿಲ್ಲ. ಅದು ಒಳಗೆ ಬರುವುದು ‘ಸುವ್ಯವಸ್ಥೆ’ಯ ಬಾಗಿಲಿನಿಂದ. ನಮಗೆ ನೋವಾಗಿದೆ ಎಂದಷ್ಟೇ ಹೇಳಿದರೆ ಕಾನೂನಿನಲ್ಲಿ ಅದಕ್ಕೆ ಬಲವಿಲ್ಲ. ನಮಗೆ ನೋವಾಗಿದೆ, ಆದ್ದರಿಂದ ಗಲಾಟೆಯಾಗುತ್ತದೆ ಎಂದರೆ ಬಲ ಬಂದುಬಿಡುತ್ತದೆ. ಕಲ್ಲು ಎತ್ತಿಕೊಂಡವನ ಭಾವನೆಗೆ ತೂಕ, ಕಲ್ಲು ಎತ್ತದೆ ಮನೆಗೆ ಹೋದ ಮೇಷ್ಟ್ರ ಭಾವನೆಗೆ ತೂಕವಿಲ್ಲ. ಈ ಏರ್ಪಾಡು ತಪ್ಪು ಎಂದು ತಿಳಿಯಲು ಕಾನೂನು ಓದಬೇಕಾಗಿಲ್ಲ.

ಸೆನ್ಸಾರ್ ನಡೆಯುವ ಬಗೆಯನ್ನೂ ಒಂದಿಷ್ಟು ಹೇಳಬೇಕು. 1983ರಿಂದ ಮಂಡಳಿಯ ಹೆಸರಿನಲ್ಲಿ ‘ಸೆನ್ಸಾರ್’ ಇಲ್ಲ, ಅದು ಕೇಂದ್ರ ಚಲನಚಿತ್ರ ಪ್ರಮಾಣೀಕರಣ ಮಂಡಳಿ. ಆದರೂ ಗಾಂಧಿನಗರದಲ್ಲಿ ಇವತ್ತಿಗೂ ಯಾರೂ ‘ಪ್ರಮಾಣೀಕರಣ ಆಯಿತು’ ಎನ್ನುವುದಿಲ್ಲ, ‘ಸೆನ್ಸಾರ್ ಆಯ್ತು’ ಎಂದೇ ಹೇಳುತ್ತಾರೆ. ಈಗ ಬೆಂಗಳೂರಿನಲ್ಲೇ ಪ್ರಾದೇಶಿಕ ಕಚೇರಿ ಇದೆ. ಸಲಹಾ ಸಮಿತಿಯ ಕೆಲವು ಸದಸ್ಯರು ಅಧಿಕಾರಿಯೊಬ್ಬರ ಜೊತೆ ಕುಳಿತು ಚಿತ್ರ ನೋಡುತ್ತಾರೆ, ಅವರಲ್ಲಿ ಮಹಿಳೆಯರು ಇರಲೇಬೇಕು. ಅವರ ತೀರ್ಮಾನ ಒಪ್ಪದಿದ್ದರೆ ರಿವೈಸಿಂಗ್ ಕಮಿಟಿ. ಅದಾದ ಮೇಲೆ ಮೇಲ್ಮನವಿ ಕೇಳಲು ಒಂದು ನ್ಯಾಯಮಂಡಳಿ ಇತ್ತು, 2021ರ ಏಪ್ರಿಲ್‌ನಲ್ಲಿ ಅದನ್ನು ರದ್ದು ಮಾಡಿದರು. ಈಗ ನೇರ ಹೈಕೋರ್ಟಿಗೆ ಹೋಗಬೇಕು. ಬಡ್ಡಿಗೆ ಹಣ ತಂದು ಚಿತ್ರ ಮಾಡಿದ ಸಣ್ಣ ನಿರ್ಮಾಪಕನಿಗೆ ಇದರ ಅರ್ಥ ಸ್ಪಷ್ಟ. ವಕೀಲರ ಫೀಸು, ತಿಂಗಳುಗಟ್ಟಲೆ ಕಾಯುವುದು, ಅಷ್ಟರಲ್ಲಿ ಏರುವ ಬಡ್ಡಿ. ಅದರ ಬದಲು ಹೇಳಿದ ಕಡೆ ಕತ್ತರಿಸಿ ಕೊಟ್ಟುಬಿಡುತ್ತಾನೆ. ಮುಂದಿನ ಸಲ ಚಿತ್ರಮಂದಿರಕ್ಕೆ ಹೋದಾಗ ಮೊದಲು ಪರದೆಯ ಮೇಲೆ ಬರುವ ಪ್ರಮಾಣಪತ್ರವನ್ನು ಗಮನಿಸಿ. ಅದರ ಕೆಳಗಿನ ಮೂಲೆಯಲ್ಲಿ ಸಣ್ಣದೊಂದು ತ್ರಿಕೋನ ಇದ್ದರೆ ಆ ಚಿತ್ರಕ್ಕೆ ಕತ್ತರಿ ಬಿದ್ದಿದೆ ಎಂದು ಅರ್ಥ. ಪಾಪ್‌ಕಾರ್ನ್ ಹಿಡಿದು ಸೀಟು ಹುಡುಕುವ ಗಡಿಬಿಡಿಯಲ್ಲಿ ಆ ತ್ರಿಕೋನ ಯಾರ ಕಣ್ಣಿಗೂ ಬೀಳುವುದಿಲ್ಲ.

ಮಂಡಳಿಗೆ ಕೊಟ್ಟ 1991ರ ಮಾರ್ಗಸೂಚಿಯಲ್ಲೇ ಎರಡು ಮಾತು ಒಂದನ್ನೊಂದು ಎಳೆಯುತ್ತವೆ. ಯಾವುದೇ ಜನಾಂಗ, ಧರ್ಮ ಅಥವಾ ಗುಂಪನ್ನು ತುಚ್ಛವಾಗಿ ಕಾಣಿಸುವ ದೃಶ್ಯ, ಮಾತು ಇರಬಾರದು ಎನ್ನುವುದು ಒಂದು. ಚಿತ್ರವನ್ನು ಇಡಿಯಾಗಿ ನೋಡಿ ಅದರ ಒಟ್ಟು ಪರಿಣಾಮದಿಂದ ಅಳೆಯಬೇಕು ಎನ್ನುವುದು ಇನ್ನೊಂದು. ಮೊದಲನೆಯದನ್ನು ಹಿಡಿದು ಹೊರಟರೆ ‘ಸಂಸ್ಕಾರ’ದ ಒಡವೆಯ ದೃಶ್ಯ ಉಳಿಯುವುದಿಲ್ಲ. ಎರಡನೆಯದನ್ನು ಹಿಡಿದರೆ ಅದಿಲ್ಲದೆ ಚಿತ್ರವೇ ಇಲ್ಲ.

ಈ ಎಳೆದಾಟದಲ್ಲಿ ಕನ್ನಡದ ನೆಲದಿಂದ ಹೋದ ಇಬ್ಬರ ಕೆಲಸ ದೇಶಕ್ಕೇ ದಾರಿಯಾಯಿತು. ನಮ್ಮವರಿಗೇ ಅದು ಹೆಚ್ಚು ಗೊತ್ತಿಲ್ಲ ಎಂಬುದು ನನ್ನ ಕೊರಗು.

ಒಬ್ಬರು ನ್ಯಾಯಮೂರ್ತಿ ಕೆ. ಜಗನ್ನಾಥ ಶೆಟ್ಟಿ. ಕೆಳ ನ್ಯಾಯಾಲಯಗಳ ನ್ಯಾಯಾಧೀಶರ ಸಂಬಳದ ‘ಶೆಟ್ಟಿ ಆಯೋಗ’ ಎಂದರೆ ಕೆಲವರಿಗೆ ನೆನಪಾದೀತು. ಕರ್ನಾಟಕ ಹೈಕೋರ್ಟಿನಲ್ಲಿ ನ್ಯಾಯಮೂರ್ತಿಯಾಗಿದ್ದು ಸುಪ್ರೀಂ ಕೋರ್ಟಿಗೆ ಹೋದವರು. 1989ರ ಮಾರ್ಚ್ 30ರಂದು ಅವರು ಕೊಟ್ಟ ತೀರ್ಪು ‘ಒರೇ ಒರು ಗ್ರಾಮತ್ತಿಲೇ’ ಎಂಬ ತಮಿಳು ಚಿತ್ರದ್ದು. ಬ್ರಾಹ್ಮಣ ಹುಡುಗಿಯೊಬ್ಬಳು ಸುಳ್ಳು ಜಾತಿ ಪ್ರಮಾಣಪತ್ರ ಪಡೆದು ಜಿಲ್ಲಾಧಿಕಾರಿಯಾಗುವ ಕಥೆ. ಮೀಸಲಾತಿಗೆ ಜಾತಿಯಲ್ಲ, ಬಡತನ ಆಧಾರವಾಗಬೇಕು ಎಂಬುದು ಅದರ ವಾದ. ಮದರಾಸು ಹೈಕೋರ್ಟು ಅದರ ‘ಯು’ ಪ್ರಮಾಣಪತ್ರವನ್ನು ರದ್ದು ಮಾಡಿತ್ತು. ಚಿತ್ರ ತೋರಿಸಿದರೆ ಹಿಂಸಾಚಾರವಾಗುತ್ತದೆ ಎಂದು ತಮಿಳುನಾಡು ಸರ್ಕಾರವೂ ಹೇಳಿತು. ಶೆಟ್ಟಿಯವರ ಪೀಠ ಹೈಕೋರ್ಟಿನ ತೀರ್ಪನ್ನು ತಳ್ಳಿಹಾಕಿತು. ಮಾತಿಗೂ ಅಪಾಯಕ್ಕೂ ಇರುವ ನಂಟು ಮದ್ದಿನ ಪೀಪಾಯಿಗೆ ಬಿದ್ದ ಕಿಡಿಯಷ್ಟು ಹತ್ತಿರದ್ದಾಗಿರಬೇಕು, ದೂರದ ಊಹೆ ಸಾಲದು ಎಂದಿತು. ಪ್ರತಿಭಟನೆ, ಮೆರವಣಿಗೆ, ಹಿಂಸೆಯ ಬೆದರಿಕೆ ಇದೆ ಎಂದು ಮಾತನ್ನು ಅದುಮುವಂತಿಲ್ಲ, ಸಿಟ್ಟಿಗೆದ್ದ ಜನರನ್ನು ನಿಭಾಯಿಸಲು ತನ್ನಿಂದ ಆಗದು ಎಂದು ಸರ್ಕಾರ ಕೈಚೆಲ್ಲುವಂತಿಲ್ಲ ಎಂದಿತು.

ಈ ತೀರ್ಪನ್ನು ನಾನು ಮೊದಲು ಓದಿದಾಗ ಸಲೀಸಾಗಿ ಒಪ್ಪಿಕೊಳ್ಳಲಾಗಲಿಲ್ಲ. ಚಿತ್ರದ ವಾದ ನನಗೆ ಸಮ್ಮತವಲ್ಲ. ‘ಸಂಸ್ಕಾರ’ದಲ್ಲಿ ನೊಂದವರು ಸಾವಿರ ವರ್ಷ ಮೇಲೆ ಕುಳಿತವರು. ಇಲ್ಲಿ ನೊಂದವರು ಸಾವಿರ ವರ್ಷ ಕೆಳಗೆ ಇಡಲ್ಪಟ್ಟವರು. ಮೀಸಲಾತಿಯನ್ನೂ ಅಂಬೇಡ್ಕರರನ್ನೂ ಚಿತ್ರ ಹಗುರ ಮಾಡುತ್ತದೆ ಎಂಬುದು ಅವರ ಅಳಲು. ಈ ಎರಡು ನೋವನ್ನು ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯೇ? ಊರಾಚೆ ನಿಲ್ಲಿಸಿಕೊಂಡವರ ಮೇಲೆ ಪರದೆಯಿಂದ ಮತ್ತೊಂದು ಏಟು ಬಿದ್ದರೆ ಅದು ಬರೀ ಮಾತು ಎಂದು ನಾವು ಹೇಗೆ ಹೇಳುವುದು? ಜಾತಿಯ ಹೆಸರು ಹಿಡಿದು ಮನುಷ್ಯರನ್ನು ಹೀನಾಯ ಮಾಡುವುದಕ್ಕೆ ಬೇರೆ ಕಾನೂನು ಇದೆ, ಇರಬೇಕು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಒಂದು ನೀತಿಯನ್ನು ಟೀಕಿಸುವ ಕಥೆಗೆ ಬೀಗ ಹಾಕುವ ಅಧಿಕಾರ ಒಮ್ಮೆ ಸರ್ಕಾರದ ಕೈಗೆ ಹೋಯಿತೆಂದರೆ ಅದು ಯಾರ ಕಡೆ ತಿರುಗುತ್ತದೆ? ಇತಿಹಾಸ ನೋಡಿದರೆ ಅದು ಬಲವಿಲ್ಲದವರ ಕಡೆಗೇ ತಿರುಗಿದೆ. ಜಾತಿಯ ಕ್ರೌರ್ಯವನ್ನು ತೋರಿಸುವ ಚಿತ್ರ ಬಂದಾಗ ‘ನಮ್ಮ ಊರಿಗೆ ಕೆಟ್ಟ ಹೆಸರು’ ಎಂದು ಎದ್ದು ನಿಲ್ಲುವವರು ಬಲವುಳ್ಳವರೇ. 1994ರ ‘ಬ್ಯಾಂಡಿಟ್ ಕ್ವೀನ್’ ಚಿತ್ರಕ್ಕೆ ಆದದ್ದು ಅದೇ. ಒಬ್ಬ ಬಡ ಹೆಣ್ಣಿನ ಮೇಲೆ ನಡೆದ ಅತ್ಯಾಚಾರವನ್ನು ತೋರಿಸಿದ್ದರಿಂದ ಗುಜ್ಜರ ಸಮುದಾಯದ ಮಾನ ಹೋಯಿತೆಂದು ಒಬ್ಬರು ಕೋರ್ಟಿಗೆ ಹೋದರು. 1996ರಲ್ಲಿ ಸುಪ್ರೀಂ ಕೋರ್ಟು ಆ ವಾದವನ್ನು ಒಪ್ಪಲಿಲ್ಲ. ಶೆಟ್ಟಿಯವರು ಹಾಕಿದ ಗೆರೆ ಇರದಿದ್ದರೆ ಅಂಥ ಚಿತ್ರಗಳಿಗೆ ನೆರಳೇ ಇರುತ್ತಿರಲಿಲ್ಲ. ಹಾಗಾಗಿ ನನಗೆ ಒಪ್ಪಿಗೆಯಿಲ್ಲದ ಆ ತಮಿಳು ಚಿತ್ರದ ಹಕ್ಕನ್ನು ನಾನು ಒಪ್ಪಿಕೊಂಡೆ. ಕಷ್ಟಪಟ್ಟೇ ಒಪ್ಪಿಕೊಂಡೆ.

ಇನ್ನೊಬ್ಬರು ಕೆ.ಎಂ. ಶಂಕರಪ್ಪ. ಬಸವರಾಜ ಕಟ್ಟೀಮನಿಯವರ ಕಾದಂಬರಿ ಆಧರಿಸಿದ ‘ಮಾಡಿ ಮಡಿದವರು’ ನಿರ್ದೇಶಿಸಿದವರು. 1952ರ ಕಾಯ್ದೆಯ 6ನೇ ಕಲಮು ಕೇಂದ್ರ ಸರ್ಕಾರಕ್ಕೆ ಒಂದು ವಿಶೇಷ ಅಧಿಕಾರ ಕೊಟ್ಟಿತ್ತು. ಮಂಡಳಿ ಪ್ರಮಾಣಪತ್ರ ಕೊಟ್ಟ ಮೇಲೂ, ನ್ಯಾಯಮಂಡಳಿ ತೀರ್ಮಾನಿಸಿದ ಮೇಲೂ, ಸರ್ಕಾರ ಆ ಕಡತವನ್ನು ತರಿಸಿಕೊಂಡು ತೀರ್ಮಾನ ಬದಲಿಸಬಹುದಿತ್ತು. ಶಂಕರಪ್ಪನವರು ಇದನ್ನು ಕರ್ನಾಟಕ ಹೈಕೋರ್ಟಿನಲ್ಲಿ ಪ್ರಶ್ನಿಸಿದರು. 1990ರಲ್ಲಿ ಗೆದ್ದರು. ಕೇಂದ್ರ ಸರ್ಕಾರ ಮೇಲಕ್ಕೆ ಹೋಯಿತು. 2000ದ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಹೈಕೋರ್ಟಿನ ತೀರ್ಪನ್ನೇ ಎತ್ತಿಹಿಡಿಯಿತು. ತಜ್ಞರ ಸಮಿತಿ ನೋಡಿ ಒಪ್ಪಿದ ಚಿತ್ರದ ಮೇಲೆ ಮಂತ್ರಿ ಕುಳಿತು ತೀರ್ಪು ಕೊಡುವಂತಿಲ್ಲ, ಜನರಲ್ಲಿ ಕೆಲವರಿಗೆ ಹಿಡಿಸಲಿಲ್ಲವೆಂದರೆ ಸುವ್ಯವಸ್ಥೆ ಕಾಪಾಡುವುದು ಸರ್ಕಾರದ ಕೆಲಸ ಎಂದು ಅದು ಹೇಳಿತು. ಹೈಕೋರ್ಟಿನಲ್ಲಿ ಗೆದ್ದ ಮೇಲೂ ಹತ್ತು ವರ್ಷ ಒಂದು ಕಲಮಿನ ಹಿಂದೆ ಬಿದ್ದ ಈ ಕನ್ನಡದ ನಿರ್ದೇಶಕನ ಹೆಸರು ಇವತ್ತು ದೇಶದ ಯಾವ ಮೂಲೆಯಲ್ಲಿ ಸೆನ್ಸಾರ್ ಪ್ರಕರಣ ನಡೆದರೂ ವಕೀಲರ ಬಾಯಲ್ಲಿ ಬರುತ್ತದೆ. ಸರ್ಕಾರ 2021ರಲ್ಲಿ ಕರಡು ಮಸೂದೆಯೊಂದರ ಮೂಲಕ ಆ ಅಧಿಕಾರವನ್ನು ಮತ್ತೆ ಪಡೆಯಲು ಹೊರಟಿತ್ತು. ಚಿತ್ರರಂಗ ಎದ್ದು ನಿಂತಿತು. 2023ರಲ್ಲಿ ಕಾಯ್ದೆ ತಿದ್ದುಪಡಿಯಾದಾಗ ಆ ಅಂಶ ಉಳಿದಿರಲಿಲ್ಲ.

ಇಲ್ಲೊಂದು ಮಾತು ಹೇಳಲೇಬೇಕು. ‘ಸಂಸ್ಕಾರ’ವನ್ನು ಉಳಿಸಿದ್ದು ದಿಲ್ಲಿಯ ಸಚಿವಾಲಯ. ಹಾಗಾದರೆ ಸರ್ಕಾರದ ಕೈಯಲ್ಲಿ ಆ ಅಧಿಕಾರ ಇರುವುದೇ ಒಳ್ಳೆಯದಲ್ಲವೇ ಎಂದು ಯಾರಾದರೂ ಕೇಳಬಹುದು. ಆ ಸಲ ಅಲ್ಲಿ ಕುಳಿತವರಿಗೆ ರುಚಿ ಇತ್ತು, ಉಳಿಯಿತು. ಐದಾರು ವರ್ಷದಲ್ಲಿ ತುರ್ತು ಪರಿಸ್ಥಿತಿ ಬಂತು. ಚಂದ್ರಿಯ ಪಾತ್ರ ಮಾಡಿದ ಸ್ನೇಹಲತಾ ರೆಡ್ಡಿಯವರನ್ನು ಬೆಂಗಳೂರಿನ ಜೈಲಿಗೆ ಹಾಕಿದರು. ಅಸ್ತಮಾದಿಂದ ಬಳಲಿ ಬಳಲಿ, ಹೊರಗೆ ಬಿಟ್ಟ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ಅವರು ತೀರಿಕೊಂಡರು. ಅದೇ ದಿಲ್ಲಿ. ಆಳುವವರ ಒಳ್ಳೆಯತನವನ್ನು ನಂಬಿ ಹಕ್ಕನ್ನು ಅವರ ಕೈಗೆ ಇಡಬಾರದು ಎಂದು ನನಗೆ ಅನಿಸುವುದು ಆಕೆಯ ಮುಖ ನೆನಪಾದಾಗ.

ಕಾನೂನು ಇಷ್ಟು ಗಟ್ಟಿಯಾಗಿದ್ದರೂ ಚಿತ್ರಗಳು ನಿಲ್ಲುತ್ತಲೇ ಇವೆ. ಏಕೆಂದರೆ ನಿಲ್ಲಿಸಲು ಈಗ ಆದೇಶವೇ ಬೇಕಾಗಿಲ್ಲ. ಚಿತ್ರಮಂದಿರದ ಮಾಲೀಕನ ಜಾಗದಲ್ಲಿ ನಿಂತು ಯೋಚಿಸಿ. ಅವನ ಬಂಡವಾಳವೆಲ್ಲ ಮುಂಬಾಗಿಲ ಗಾಜಿನಲ್ಲಿ, ಸೀಟುಗಳಲ್ಲಿ, ಆ ಬಿಳಿ ಪರದೆಯಲ್ಲಿ ಇದೆ. ಒಂದು ಕಲ್ಲು ಪರದೆಗೆ ತಾಗಿದರೆ ವಾರವೆಲ್ಲ ಆಟವಿಲ್ಲ. ಈ ಚಿತ್ರ ಹೋದರೆ ಮುಂದಿನ ಶುಕ್ರವಾರ ಇನ್ನೊಂದು ಬರುತ್ತದೆ. ಯಾರೋ ಫೋನ್ ಮಾಡಿ ‘ಸ್ವಲ್ಪ ನೋಡ್ಕೊಳ್ಳಿ ಸಾರ್’ ಎಂದರೆ ಸಾಕು, ಪೋಸ್ಟರ್ ಇಳಿಯುತ್ತದೆ. 2019ರಲ್ಲಿ ಕೋಲ್ಕತ್ತದಲ್ಲಿ ಅನೀಕ್ ದತ್ತ ಅವರ ‘ಭವಿಷ್ಯತೇರ್ ಭೂತ್’ ಬಿಡುಗಡೆಯಾದ ಮರುದಿನವೇ ಚಿತ್ರಮಂದಿರಗಳಿಂದ ಮಾಯವಾಯಿತು. ‘ಮೇಲಿನವರು’ ಹೇಳಿದ್ದಾರೆ ಎಂಬುದಷ್ಟೇ ಉತ್ತರ. ಸುಪ್ರೀಂ ಕೋರ್ಟು ಪಶ್ಚಿಮ ಬಂಗಾಳ ಸರ್ಕಾರ 20 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಹೇಳಿತು. ಪರಿಹಾರ ಸಿಗಬಹುದು, ಬಿಡುಗಡೆಯ ಮೊದಲ ಭಾನುವಾರ ಮರಳಿ ಸಿಗುವುದಿಲ್ಲ.

ನಮ್ಮಲ್ಲಿ 2021ರಲ್ಲಿ ‘ಪೊಗರು’ ಬಂದಾಗ ಹೋಮದ ದೃಶ್ಯವೊಂದರಲ್ಲಿ ಪುರೋಹಿತರ ಹೆಗಲ ಮೇಲೆ ನಾಯಕ ಕಾಲಿಟ್ಟದ್ದಕ್ಕೆ ಬ್ರಾಹ್ಮಣ ಸಂಘಟನೆಗಳು ಪ್ರತಿಭಟಿಸಿದವು. ಮಂಡಳಿ ಒಪ್ಪಿ ಕಳಿಸಿದ್ದ ಚಿತ್ರ ಅದು. ಬಿಡುಗಡೆಯಾದ ಮೇಲೆ ನಿರ್ದೇಶಕರು ಕ್ಷಮೆ ಕೇಳಿದರು, ದೃಶ್ಯಗಳನ್ನು ತೆಗೆದರು. ಅದು ‘ಸಂಸ್ಕಾರ’ದ ಪಕ್ಕದಲ್ಲಿ ಇಡುವ ಚಿತ್ರವಲ್ಲ. ಒಬ್ಬ ಅರ್ಚಕನನ್ನು ಕಾರಣವಿಲ್ಲದೆ ತುಳಿದು ಶಿಳ್ಳೆ ಗಿಟ್ಟಿಸುವುದರಲ್ಲಿ ನನಗೆ ಯಾವ ಕಲೆಯೂ ಕಾಣುವುದಿಲ್ಲ. ಅದನ್ನು ಬರೆಯಬೇಕು, ಮುಖಕ್ಕೆ ಹೇಳಬೇಕು, ಟಿಕೆಟ್ ತೆಗೆದುಕೊಳ್ಳದೆ ಹೇಳಬೇಕು. ನಿರ್ದೇಶಕನಿಗೆ ತಾನಾಗಿ ಮನಸ್ಸು ಕರಗಿ ತೆಗೆದರೆ ಅದು ಅವನ ಔದಾರ್ಯ. ಚಿತ್ರಮಂದಿರದ ಎದುರು ಗುಂಪು ಸೇರಿದ್ದಕ್ಕೆ ತೆಗೆದರೆ ನಾಳೆ ಒಳ್ಳೆಯ ಚಿತ್ರ ಮಾಡುವವನಿಗೂ ಅದೇ ಅಳತೆ ಬೀಳುತ್ತದೆ.

ಜಾತಿಯ ಮಾತು ಬಂದರೆ ನಾವು ಎರಡು ಬಣವಾಗುತ್ತೇವೆ. ಭಾಷೆಯ ಮಾತು ಬಂದರೆ ನಾವೆಲ್ಲ ಒಂದೇ ಬಣ, ಅಲ್ಲಿಯೇ ಪರೀಕ್ಷೆ ಕಠಿಣ. 2017ರಲ್ಲಿ ‘ಬಾಹುಬಲಿ 2’ ಬರುವಾಗ ನಟ ಸತ್ಯರಾಜ್ ವರ್ಷಗಳ ಹಿಂದೆ ಕಾವೇರಿ ವಿಚಾರದಲ್ಲಿ ಆಡಿದ ಮಾತನ್ನು ಎತ್ತಿದೆವು. ಅವರು ವಿಷಾದ ಹೇಳಿದ ಮೇಲೆ ಚಿತ್ರ ನಡೆಯಿತು. 2018ರ ಜೂನ್‌ನಲ್ಲಿ ‘ಕಾಲಾ’ಗೆ ಅಡ್ಡ ನಿಂತೆವು, ಕಾರಣ ರಜನೀಕಾಂತ್ ಕಾವೇರಿ ಬಗ್ಗೆ ಹೇಳಿದ ಮಾತು. ಮುಂಬೈಯ ಧಾರಾವಿಯ ಬಡವರು ತಮ್ಮ ನೆಲಕ್ಕಾಗಿ ಹೋರಾಡುವ ಕಥೆ ಅದು. ಅದರಲ್ಲಿ ಕಾವೇರಿಯ ಒಂದು ಹನಿಯೂ ಇರಲಿಲ್ಲ.

2025ರ ಮೇ ಕೊನೆಯಲ್ಲಿ, ಚೆನ್ನೈನ ವೇದಿಕೆಯಲ್ಲಿ ಶಿವರಾಜಕುಮಾರ್ ಎದುರಿಗೇ ಕಮಲ್ ಹಾಸನ್ ಕನ್ನಡ ತಮಿಳಿನಿಂದ ಹುಟ್ಟಿತು ಎಂದರು. ಕೇಳಿದಾಗ ನನಗೂ ನೋವಾಯಿತು. ಆ ಮಾತು ತಪ್ಪು. ಕನ್ನಡ ತಮಿಳಿನ ಮಗಳಲ್ಲ, ಎರಡೂ ಮೂಲ ದ್ರಾವಿಡದಿಂದ ಕವಲೊಡೆದ ಅಕ್ಕತಂಗಿಯರು. ಭಾಷಾಶಾಸ್ತ್ರದ ಮೊದಲ ಪಾಠದಲ್ಲಿ ಇದು ಬರುತ್ತದೆ. ಆದರೆ ನಾವು ಕೊಟ್ಟ ಉತ್ತರ ಏನು? ಕ್ಷಮೆ ಕೇಳದಿದ್ದರೆ ಅವರ ‘ಥಗ್ ಲೈಫ್’ ಚಿತ್ರವನ್ನು ರಾಜ್ಯದಲ್ಲಿ ಬಿಡುವುದಿಲ್ಲ ಎಂದಿತು ಫಿಲಂ ಚೇಂಬರ್. ಮಂಡಳಿಯ ಪ್ರಮಾಣಪತ್ರ ಇಡೀ ದೇಶಕ್ಕೆ ನಡೆಯುವಂಥದ್ದು, ನಮ್ಮಲ್ಲಿ ನಡೆಯಲಿಲ್ಲ. ಜೂನ್ 5ರಂದು ಉಳಿದ ಕಡೆ ಚಿತ್ರ ಬಿಡುಗಡೆಯಾಯಿತು, ಕರ್ನಾಟಕದಲ್ಲಿ ಆಗಲಿಲ್ಲ. ಹೈಕೋರ್ಟಿಗೆ ಹೋದರೆ ಕ್ಷಮೆ ಕೇಳಬಾರದೇಕೆ ಎಂಬ ಪ್ರಶ್ನೆ ಎದುರಾಯಿತು. ಜೂನ್ 17ರಂದು ಸುಪ್ರೀಂ ಕೋರ್ಟು ಗುಂಪುಗಳಿಗೆ ಬೀದಿಯನ್ನು ಬಿಟ್ಟುಕೊಡಲಾಗದು ಎಂದಿತು. ಒಬ್ಬರ ಹೇಳಿಕೆ ತಪ್ಪಾಗಿದ್ದರೆ ಬೆಂಗಳೂರಿನ ತಿಳಿದವರು ಎದುರು ಹೇಳಿಕೆ ಕೊಡಲಿ ಎಂಬ ಅರ್ಥದ ಮಾತೂ ಅಲ್ಲಿ ಬಂತು. ರಕ್ಷಣೆ ಕೊಡುತ್ತೇವೆ ಎಂದು ರಾಜ್ಯ ಸರ್ಕಾರ ಒಪ್ಪಿ, ಜೂನ್ 19ರಂದು ಪ್ರಕರಣ ಮುಗಿಯುವಾಗ ಎರಡು ವಾರ ಕಳೆದಿತ್ತು. ಜುಲೈ 3ಕ್ಕೆ ಚಿತ್ರ ನೆಟ್‌ಫ್ಲಿಕ್ಸ್‌ಗೆ ಬಂತು, ನಾವು ಚಿತ್ರಮಂದಿರದಲ್ಲಿ ಬೇಡ ಎಂದದ್ದನ್ನು ನಮ್ಮ ಮನೆಗಳಲ್ಲೇ ನೋಡಿದೆವು.

ಜಗನ್ನಾಥ ಶೆಟ್ಟಿಯವರು ತಮಿಳು ಚಿತ್ರವೊಂದಕ್ಕೆ ನ್ಯಾಯ ಕೊಟ್ಟ ನಾಡಿನವರು ನಾವು. ಶಂಕರಪ್ಪನವರ ನಾಡಿನವರು. ಇನ್ನೊಂದು ತಮಿಳು ಚಿತ್ರಕ್ಕೆ ನಾವೇ ಬೀಗ ಹಾಕಿದ್ದು ನನಗೆ ಆ ಹೇಳಿಕೆಗಿಂತ ಹೆಚ್ಚು ನೋವು ಕೊಟ್ಟಿತು. ಆ ಹದಿನೈದು ದಿನ ನನ್ನ ತಲೆಯಲ್ಲಿ ಒಂದೇ ಚಿತ್ರ ಸುಳಿಯುತ್ತಿತ್ತು. ಮೆಜೆಸ್ಟಿಕ್‌ನಲ್ಲೋ ಮೈಸೂರಿನಲ್ಲೋ ಯಾವುದೋ ಒಂದು ಚಿತ್ರಮಂದಿರ, ಟಿಕೆಟ್ ಕಿಟಕಿಯ ಮುಂದೆ ಸಾಲು, ಪಕ್ಕದಲ್ಲಿ ಒಂದು ಮೇಜು. ಮೇಜಿನ ಮೇಲೆ ಒಂದು ಹಾಳೆಯ ಕರಪತ್ರಗಳ ಕಟ್ಟು, ಕನ್ನಡದಲ್ಲಿ ಒಂದು ಕಡೆ, ತಮಿಳಿನಲ್ಲಿ ಇನ್ನೊಂದು ಕಡೆ. ಹಲ್ಮಿಡಿಯ ಶಾಸನ ಯಾವ ಶತಮಾನದ್ದು, ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ ಕನ್ನಡವನ್ನು ಹೇಗೆ ಕಂಡಿತು, ಮೂಲ ದ್ರಾವಿಡದಿಂದ ಈ ಭಾಷೆಗಳು ಹೇಗೆ ಬೇರೆಯಾದವು ಎಂದು ನಾಲ್ಕು ಪ್ಯಾರಾದಲ್ಲಿ. ಸಾಲಿನಲ್ಲಿ ನಿಂತವರು ಓದಿಕೊಂಡು ಒಳಗೆ ಹೋಗುತ್ತಾರೆ. ಆ ಹಾಳೆ ಹಂಚಲು ಯಾರಾದರೂ ಕರೆದಿದ್ದರೆ ಮೊದಲ ಆಟದಿಂದ ಕೊನೆಯ ಆಟದವರೆಗೂ ನಾನು ನಿಂತಿರುತ್ತಿದ್ದೆ.